ಜೊಕೊವಿಚ್ ವಾದ: ಫಾರ್ಮ್ ಬೇರೆ, ನಡತೆ ಬೇರೆ

ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ಬಗ್ಗೆ 'ಜೊಕೊವಿಚ್ ಕತೆ ಮುಗೀತು, ಗಾಯವೂ ನಾಟಕ' ಎನ್ನುವ ಗೆಳೆಯನ ಜೊತೆ ನಿಮ್ಮ ವಾದ ಮುಗಿಯದೇ ಇರೋದಕ್ಕೆ ಕಾರಣ, ಫಾರ್ಮ್, ಗಾಯ, ನಡತೆ ಎಂಬ ಮೂರು ಜಗಳ ಒಂದರಲ್ಲೊಂದು ಸಿಕ್ಕಿಕೊಂಡಿವೆ. ಬಿಡಿಸಿ ಮಾತಾಡಿ.

ಮೊದಲು ಫಾರ್ಮ್. 2025ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್ (ಟೆನಿಸ್‌ನ ಅತಿ ದೊಡ್ಡ ಟೂರ್ನಿ) ಸೆಮಿಫೈನಲ್ ಆಡಿದರು, ಅದೂ 38ರ ಆಸುಪಾಸಿನಲ್ಲಿ. ಆದರೆ ಒಂದರಲ್ಲೂ ಫೈನಲ್ ಇಲ್ಲ. ಪ್ಯಾರಿಸ್, ವಿಂಬಲ್ಡನ್‌ನಲ್ಲಿ ಎದುರಾಳಿ ಸಿನ್ನರ್, ನ್ಯೂಯಾರ್ಕ್‌ನಲ್ಲಿ ಎದುರಾಳಿ ಅಲ್ಕರಾಜ್ ಒಂದು ಸೆಟ್ಟನ್ನೂ ಬಿಟ್ಟುಕೊಡಲಿಲ್ಲ. ಮುಗಿದಿಲ್ಲ ನಿಜ, ಮೊದಲಿನ ಹಾಗೂ ಇಲ್ಲ. ಇದನ್ನು ನೀವೇ ಮೊದಲು ಒಪ್ಪಿಕೊಳ್ಳಿ. ಗೆಳೆಯ ಅರ್ಧ ತಣ್ಣಗಾಗುತ್ತಾನೆ.

ಆಮೇಲೆ ಗಾಯ. ಅದೇ ವರ್ಷ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್, ಜ್ವೆರೆವ್ ಎದುರು ಮೊದಲ ಸೆಟ್‌ನ ಟೈಬ್ರೇಕ್ (6-6 ಸಮವಾದಾಗ ಸೆಟ್ ತೀರ್ಮಾನಿಸುವ ಆಟ). ಜೊಕೊವಿಚ್ ಹೊಡೆದ ಕೊನೆಯ ವಾಲಿ (ನೆಲಕ್ಕೆ ಬೀಳುವ ಮೊದಲೇ ಹೊಡೆದ ಚೆಂಡು) ನೆಟ್‌ಗೆ ಬಿತ್ತು. ಅವರು ನೇರವಾಗಿ ಹೋಗಿ ಕೈಕುಲುಕಿ ಆಟ ಬಿಟ್ಟರು. ಪ್ರೇಕ್ಷಕರು ಕೂಗಿ ಅವಮಾನ ಮಾಡಿದರು. 'ಹಾಗೆ ಮಾಡಬೇಡಿ' ಅಂತ ಕೇಳಿಕೊಂಡದ್ದು ಯಾರು ಗೊತ್ತಾ? ಗೆದ್ದ ಜ್ವೆರೆವ್! ಆಮೇಲೆ ತೊಡೆಯ ಸ್ಕ್ಯಾನ್ ಚಿತ್ರವನ್ನೂ ಜೊಕೊವಿಚ್ ಹಾಕಿದರು. ಇದನ್ನು ಮುಂದಿಡಿ. ಆದರೆ ಪ್ರತಿ ಮೆಡಿಕಲ್ ಬ್ರೇಕೂ ನೋವಿಗೇ ಅಂತ ಸಾಧಿಸಲು ಹೋಗಬೇಡಿ. ಟಿವಿ ಮುಂದೆ ಕೂತವರು ಯಾರೂ ಅದನ್ನು ಹೇಳಲಾರರು, ನಾನೂ ಸೇರಿ.

ಕೊನೆಗೆ ನಡತೆ. 2020ರ ಯುಎಸ್ ಓಪನ್‌ನಲ್ಲಿ ಸಿಟ್ಟಿನಿಂದ ಹೊಡೆದ ಚೆಂಡು ಲೈನ್ ಜಡ್ಜ್ ಗಂಟಲಿಗೆ ತಗುಲಿ ಅನರ್ಹರಾದರು. 2023ರ ವಿಂಬಲ್ಡನ್ ಫೈನಲ್‌ನಲ್ಲಿ ನೆಟ್ ಕಂಬಕ್ಕೆ ಬಡಿದು ರಾಕೆಟ್ ಮುರಿದರು. ಇವನ್ನು ಸುಮ್ನೆ ಸಮರ್ಥಿಸಬೇಡಿ. ಗೆಳೆಯ ಮತ್ತೆ 'ಎಲ್ಲಾ ನಾಟಕ' ಅಂದರೆ, ಯಾವ ಪಂದ್ಯ, ಯಾವ ಸೆಟ್ ಅಂತ ಕೇಳಿ.