ಹೆರದವಳಿಗೆ ರಕ್ಷಣೆ ಇಲ್ಲವೇ?

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಮಕ್ಕಳಿಲ್ಲ. ಹೋದ ತಿಂಗಳು ನಾದಿನಿಯ ಮಗುವಿನ ತೊಟ್ಟಿಲು ಕಾರ್ಯಕ್ರಮದಲ್ಲಿ ಚರ್ಚ್ ಸಭೆಯ ಹಿರಿಯರೊಬ್ಬರು ಬೈಬಲಿನ 1 ತಿಮೊಥೆಯ 2:15 ಓದಿ, ‘ಹೆಣ್ಣಿಗೆ ರಕ್ಷಣೆ ಸಿಗುವುದೇ ಮಕ್ಕಳನ್ನು ಹೆರುವುದರಿಂದ’ ಅಂದರು. ಎಲ್ಲರ ಕಣ್ಣೂ ನನ್ನ ಮೇಲೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ತಲೆ ತಗ್ಗಿಸಿದರು. ಯೇಸುವನ್ನು ನಂಬಿದರೆ ಸಾಕು ಅಂತ ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದವಳು ನಾನು. ಹಾಗಾದರೆ ನನ್ನ ಗತಿ ಏನು?
– ಹೆಸರು ಬೇಡ, ಗದಗ

ಉತ್ತರ: ನೋಡಿ ಅಮ್ಮಾ, ನಿಮ್ಮ ರಕ್ಷಣೆಗೂ, ಅಂದರೆ ಪಾಪದಿಂದ ಸಿಗುವ ಬಿಡುಗಡೆಗೂ, ನೀವು ಹೆತ್ತಿಲ್ಲ ಅನ್ನುವುದಕ್ಕೂ ಸಂಬಂಧ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮಾತು ಸ್ವಲ್ಪ ಸುತ್ತಿ ಬಳಸಿ ಹೋಗುತ್ತದೆ, ಅಲ್ಲಿಯವರೆಗೆ ನೀವು ಉಸಿರು ಬಿಗಿಹಿಡಿದು ಕೂರುವುದು ಬೇಡ.

ಇದು ಅಪೊಸ್ತಲ ಪೌಲ ಎಫೆಸ ಊರಲ್ಲಿದ್ದ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರದ ಮಾತು. ಆ ಹಿರಿಯರು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ನಂಬಿಕೆ, ಪ್ರೀತಿ, ಪರಿಶುದ್ಧತೆಯಲ್ಲಿ ನೆಲೆಯಾಗಿ ನಿಂತರೆ ಅನ್ನುವ ಮಾತು ಅದೇ ವಾಕ್ಯದಲ್ಲಿದೆ. ಇನ್ನೊಂದು ವಿಚಿತ್ರ ಏನೆಂದರೆ, ಗ್ರೀಕ್ ಮೂಲದಲ್ಲಿ ಈ ವಾಕ್ಯ ‘ಅವಳು ರಕ್ಷಣೆ ಹೊಂದುವಳು’ ಎಂದು ಶುರುವಾಗಿ ‘ಅವರು ನಿಂತರೆ’ ಎಂದು ಮುಗಿಯುತ್ತದೆ. ‘ಅವಳು’ ಯಾರು, ಹಿಂದಿನ ವಚನಗಳಲ್ಲಿ ಬಂದ ಹವ್ವಳೇ? ‘ಅವರು’ ಯಾರು, ಎಫೆಸದ ಹೆಂಗಸರೇ, ಗಂಡ ಹೆಂಡಿರೇ, ಮಕ್ಕಳೇ? ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಹೆರುವುದಕ್ಕೆ ಇಲ್ಲಿರುವ ‘ತೆಕ್ನೊಗೊನಿಯ’ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬರುವುದೇ ಈ ಒಂದು ಕಡೆ. ಇಂಥ ವಾಕ್ಯ ಹಿಡಿದುಕೊಂಡು, ಸುಮ್ನೆ ತೊಟ್ಟಿಲ ಮುಂದೆ ನಿಂತು ತೀರ್ಪು ಕೊಡುವುದಕ್ಕೆ ಧೈರ್ಯ ಜಾಸ್ತಿನೇ ಬೇಕು.

ಪತ್ರ ಹೋದ ಊರನ್ನೂ ನೋಡಬೇಕು. ತಿಮೊಥೆಯ ಆಗ ಇದ್ದದ್ದು ಎಫೆಸದಲ್ಲಿ, ಈಗಿನ ಟರ್ಕಿ. ಅಲ್ಲಿ ಅರ್ತೆಮೀ ದೇವಿಯ ಗುಡಿ, ಆ ಕಾಲದ ಏಳು ಅದ್ಭುತಗಳಲ್ಲಿ ಒಂದು. ಹೆರಿಗೆ ನೋವು ಬಂದಾಗ ಗ್ರೀಕ್ ಹೆಂಗಸರು ಕರೆಯುತ್ತಿದ್ದದ್ದು ಅರ್ತೆಮೀಯನ್ನೇ. ನಮ್ಮ ಕಡೆ ಬಸುರಿಯ ಹೆಸರಲ್ಲಿ ಹರಕೆ ಹೊರುವುದಿಲ್ವಾ, ಹಾಗೆ. ಈ ದೇವಿಗಾಗಿ ಊರಿನವರು ಎರಡು ಗಂಟೆ ಹೊತ್ತು ಒಂದೇ ಸಮನೆ ಕೂಗಿದ ಗಲಾಟೆ ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಎಬ್ಬಿಸಿದವನು ಬೆಳ್ಳಿ ಕೆಲಸದ ದೇಮೇತ್ರಿಯ, ಅವನಿಗೆ ವ್ಯಾಪಾರದ ಚಿಂತೆ. ಇದು ಒಂದು ಕಡೆ. ಇನ್ನೊಂದು ಕಡೆ, ಮದುವೆಯೇ ಬೇಡ ಎಂದು ಕಲಿಸುವ ಸುಳ್ಳು ಬೋಧಕರು (ಇದೇ ಪತ್ರದ 4:3 ನೋಡಿ). ದೇವಿಯನ್ನು ಬಿಟ್ಟು ಸಭೆಗೆ ಬಂದ ಬಸುರಿ ಹೆಂಗಸಿನ ಪಾಡು ಊಹಿಸಿಕೊಳ್ಳಿ. ಬಿಟ್ಟ ದೇವಿಯ ಸಿಟ್ಟು ತಟ್ಟೀತು ಎಂಬ ಭಯ ಒಂದು, ಬಸುರಾದದ್ದೇ ತಪ್ಪು ಎಂಬ ಬೋಧನೆ ಇನ್ನೊಂದು. ಅವಳಿಗೆ ಹೇಳಿದ ಸಮಾಧಾನದ ಮಾತು ಇದು ಅಂತ ನನಗನ್ನಿಸುತ್ತದೆ. ಹೆರಿಗೆ ನಿನ್ನ ರಕ್ಷಣೆಗೆ ಅಡ್ಡ ಬರುವುದಿಲ್ಲ, ಅಷ್ಟೇ.

‘ಹೆರುವುದರಿಂದ’ ಅಂತಲ್ಲವೇ ಇರುವುದು ಎಂದು ನೀವು ಕೇಳಬಹುದು. ಅಲ್ಲಿರುವ ಗ್ರೀಕ್ ಪದ ‘ದಿಯಾ’. 1 ಕೊರಿಂಥ 3:15ರಲ್ಲಿ ಬೆಂಕಿಯೊಳಗಿಂದ ತಪ್ಪಿಸಿಕೊಂಡು ಬಂದವನಂತೆ ಎನ್ನುವಲ್ಲೂ ಅದೇ ಪದ ಇದೆ. ಅಲ್ಲಿ ಬೆಂಕಿ ಯಾರನ್ನೂ ಕಾಪಾಡಲಿಲ್ಲ, ಮನುಷ್ಯ ಅದನ್ನು ದಾಟಿ ಬಂದ. ನಮ್ಮ ಅಜ್ಜಿಯಂದಿರು ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತಿದ್ದರಲ್ವಾ? ಬಾಣಂತಿ ಬದುಕಿ ಹೊರಗೆ ಬಂದಳು ಎಂದು ಅದರ ಅರ್ಥ, ನೋವು ಅವಳನ್ನು ಬದುಕಿಸಿತು ಎಂದಲ್ಲ.

ಬೇರೆ ವಿವರಣೆಗಳೂ ಇವೆ. ಮರಿಯಳು ಯೇಸುವನ್ನು ಹೆತ್ತದ್ದನ್ನೇ ಇದು ಹೇಳುತ್ತದೆ ಎಂದು ಕೆಲವರು. ಚೆನ್ನಾಗಿದೆ, ಆದರೆ ಪೌಲನಿಗೆ ಅದನ್ನು ಹೇಳಬೇಕಿದ್ದರೆ ಇಷ್ಟು ಮುಚ್ಚುಮರೆ ಯಾಕೆ? 4ನೇ ಶತಮಾನದ ಬೋಧಕ ಜಾನ್ ಕ್ರಿಸೊಸ್ತಮ್ ಇದನ್ನು ಮಕ್ಕಳನ್ನು ಸರಿಯಾಗಿ ಬೆಳೆಸುವುದು ಎಂದು ಓದಿದರು. ಆದರೆ ಕನ್ನಿಕೆಯರು, ಮಕ್ಕಳಿಲ್ಲದವರು, ವಿಧವೆಯರ ಗತಿ ಏನು ಎಂದು ಅವರೂ ಕೇಳಿದ್ದಾರೆ. ನಿಮ್ಮ ಪ್ರಶ್ನೆ ಅಷ್ಟು ಹಳೆಯದು.

ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಪೌಲನೇ. ಮದುವೆಯಾಗದೆ ನನ್ನ ಹಾಗೆ ಇರುವುದು ಒಳ್ಳೆಯದು ಎಂದು ಮದುವೆಯಾಗದವರಿಗೂ ವಿಧವೆಯರಿಗೂ 1 ಕೊರಿಂಥ 7ರಲ್ಲಿ ಹೇಳಿದವನು ಅವನು. ಹೆರದವಳಿಗೆ ರಕ್ಷಣೆ ಇಲ್ಲ ಎಂದು ನಂಬಿದವನು ಕನ್ನಿಕೆಯರಿಗೆ ಇಂಥ ಸಲಹೆ ಕೊಡುತ್ತಾನೆಯೇ? ಲೂಕ 11:27ನ್ನೂ ಓದಿ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ನಿನ್ನನ್ನು ಹೊತ್ತ ಗರ್ಭವೇ ಧನ್ಯ ಎಂದಾಗ, ದೇವರ ವಾಕ್ಯ ಕೇಳಿ ನಡೆಯುವವರೇ ಧನ್ಯರು ಎಂದು ಯೇಸು ಮಾತನ್ನೇ ತಿರುಗಿಸಿಬಿಟ್ಟ. ಮುಂದಿನ ಸಲ ಆ ಹಿರಿಯರು ಸಿಕ್ಕರೆ, ಅಯ್ಯಾ, ವಾಕ್ಯ ಪೂರ್ತಿ ಓದಿ ಎಂದು ಮೆಲ್ಲಗೆ ಕೇಳಿ.

ಪ್ರಶ್ನೆ: ಅದೇ ವಾಕ್ಯದ ಬಗ್ಗೆ. ನನ್ನ ತಂಗಿ ಹೆರಿಗೆಯಲ್ಲಿ ತೀರಿಕೊಂಡಳು. ನಂಬಿಕೆ ಇದ್ದಿದ್ದರೆ ಉಳಿಯುತ್ತಿದ್ದಳು ಎಂದು ಒಬ್ಬರು ಹೇಳಿದರು.
– ಒಬ್ಬ ಅಣ್ಣ, ಉಡುಪಿ

ಉತ್ತರ: ಹೆರಿಗೆಯಲ್ಲಿ ಜೀವ ಉಳಿಯುತ್ತದೆ ಎಂಬ ಭರವಸೆ ಇದು ಎಂದು ಕೆಲವರು ಓದುತ್ತಾರೆ. ನಾನು ಒಪ್ಪದಿರುವುದು ನಿಮ್ಮ ತಂಗಿಯಂಥವರಿಂದಲೇ. ಆದಿಕಾಂಡ 35ರಲ್ಲಿ ರಾಹೇಲಳು ಬೆನ್ಯಾಮೀನನನ್ನು ಹೆತ್ತು ದಾರಿಯಲ್ಲೇ ಸತ್ತಳು. ನಂಬಿಕೆ ಸಾಲದೆ ಸತ್ತಳು ಎಂದು ಅಲ್ಲಿ ಒಂದಕ್ಷರ ಇಲ್ಲ. ಯಾಕೋಬ ಅವಳ ಸಮಾಧಿಯ ಮೇಲೆ ಒಂದು ಕಲ್ಲು ನಿಲ್ಲಿಸಿದ, ಮುಂದಕ್ಕೆ ನಡೆದ.