ವೇಗದ ಲಾಕ್, ಹಸಿದ ಥ್ರೆಡ್

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಎರಡು ಬಗೆಯ ಸ್ಪಿನ್‌ಲಾಕ್‌ಗಳನ್ನು (ಒಮ್ಮೆಗೆ ಒಂದೇ ಥ್ರೆಡ್, ಅಂದರೆ ಪ್ರೋಗ್ರಾಮಿನ ಒಂದೇ ಎಳೆ, ಒಳಗೆ ಹೋಗುವಂತೆ ತಡೆದು ಉಳಿದವನ್ನು ಸುತ್ತುತ್ತಲೇ ಕಾಯಿಸುವ ಬೀಗ) ಸಿ ಭಾಷೆಯಲ್ಲಿ ಬರೆದು, ಲ್ಯಾಪ್‌ಟಾಪ್‌ನಲ್ಲಿ ಎಂಟು ಥ್ರೆಡ್‌ಗಳಿಂದ ಓಡಿಸಿ, ಹತ್ತು ಸೆಕೆಂಡಿನಲ್ಲಿ ಒಟ್ಟು ಎಷ್ಟು ಸಲ ಲಾಕ್ ಸಿಕ್ಕಿತೆಂದು ಎಣಿಸಿದೆ. ಸರದಿ ನೋಡದ ಸರಳ ಲಾಕ್, ಸರದಿಯಂತೆ ಕೊಡುವ ಟಿಕೆಟ್ ಲಾಕ್‌ಗಿಂತ ಬಹಳ ಮುಂದಿತ್ತು. ಹಾಗಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಸರಳ ಲಾಕನ್ನು ಕೈಬಿಟ್ಟದ್ದೇಕೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಎಣಿಕೆ ತಪ್ಪಿರಲಾರದು, ಆದರೆ ಒಟ್ಟು ಮೊತ್ತವನ್ನು ನೋಡಿದಿರೇ ಹೊರತು ಅದು ಯಾವ ಥ್ರೆಡ್‌ಗೆ ಎಷ್ಟು ದಕ್ಕಿತೆಂಬುದನ್ನು ನೋಡಿದಂತಿಲ್ಲ. ಲಾಕನ್ನು ಈಗಷ್ಟೇ ಬಿಟ್ಟ ಕೋರ್‌ನ (ಪ್ರೊಸೆಸರ್‌ನ ಒಂದು ಘಟಕದ) ಕ್ಯಾಶ್‌ನಲ್ಲಿ, ಅಂದರೆ ಅದರ ಪಕ್ಕದ ವೇಗದ ಸ್ಮರಣೆಯಲ್ಲಿ, ಆ ಲಾಕ್ ಇರುವ 64 ಬೈಟ್‌ಗಳ ಸಾಲು ಇನ್ನೂ ಉಳಿದಿರುವುದರಿಂದ, ಬೇರೆ ಕೋರ್‌ಗಳು ಅದನ್ನು ತಮ್ಮತ್ತ ಎಳೆದುಕೊಳ್ಳುವಷ್ಟರಲ್ಲಿ ಅದೇ ಕೋರ್ ಮತ್ತೆ ಲಾಕ್ ಹಿಡಿದುಬಿಡುತ್ತದೆ. ಬಸ್ಸಿನ ಬಾಗಿಲಲ್ಲೇ ನಿಂತವನು ಇಳಿದು ಹತ್ತಿ, ಇಳಿದು ಹತ್ತಿ ಮಾಡಿದರೆ ಹತ್ತಿದವರ ಲೆಕ್ಕವೇನೋ ಬೆಳೆಯುತ್ತದೆ, ಹಿಂದಿನವರು ಮಾತ್ರ ನಿಂತಲ್ಲೇ ಇರುತ್ತಾರೆ. ಎಂಟು ಕೋರ್‌ಗಳ ಆಪ್ಟೆರಾನ್ ಪ್ರೊಸೆಸರ್ ಯಂತ್ರವೊಂದರಲ್ಲಿ ಇದೇ ಕಾರಣಕ್ಕೆ ಥ್ರೆಡ್‌ಗಳು ಕೆಲಸ ಮುಗಿಸುವ ಸಮಯದಲ್ಲಿ ದುಪ್ಪಟ್ಟಿನವರೆಗೂ ವ್ಯತ್ಯಾಸ ಕಂಡ ಕರ್ನಲ್ ಡೆವಲಪರ್ ನಿಕ್ ಪಿಗಿನ್ ಅವರ ಟಿಕೆಟ್ ಲಾಕ್, 2008ರಲ್ಲಿ 2.6.25ನೇ ಆವೃತ್ತಿಯ ಮೂಲಕ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್‌ಗಳ) ಕರ್ನಲ್‌ಗೆ ಸೇರಿತು. ಬ್ಯಾಂಕಿನ ಟೋಕನ್‌ನಂತೆ ಅದು ಬಂದ ಕ್ರಮದಲ್ಲೇ ಸರದಿ ಕೊಡುತ್ತದೆ.

ಟಿಕೆಟ್ ಲಾಕಿಗೂ ಒಂದು ಕೊರತೆಯಿದೆ, ಅದು ಎಂಟು ಥ್ರೆಡ್‌ಗಳ ಪರೀಕ್ಷೆಯಲ್ಲಿ ಎದ್ದು ಕಾಣುವುದಿಲ್ಲ. ಕಾಯುವವರೆಲ್ಲ ಒಂದೇ ಸಂಖ್ಯೆಯನ್ನು ನೋಡುತ್ತಿರುವುದರಿಂದ ಲಾಕ್ ಬಿಟ್ಟಾಗಲೆಲ್ಲ ಎಲ್ಲರ ಕ್ಯಾಶ್ ಪ್ರತಿಯೂ ರದ್ದಾಗಿ, ಎಲ್ಲರೂ ಒಮ್ಮೆಗೇ ಹೊಸ ಪ್ರತಿಗೆ ಮುಗಿಬೀಳುತ್ತಾರೆ. ಎಂಐಟಿಯ ಸಂಶೋಧಕರು 48 ಕೋರ್‌ಗಳ ಯಂತ್ರದಲ್ಲಿ ಅಳೆದಾಗ, ಕೋರ್ ಹೆಚ್ಚಿಸಿದಂತೆ ಕೆಲಸ ಹೆಚ್ಚುವ ಬದಲು ಒಂದು ಹಂತದ ನಂತರ ಕುಸಿದೇಬಿಟ್ಟಿತು. ಪ್ರತಿ ಕೋರ್ ತನ್ನದೇ ಜಾಗದಲ್ಲಿ ಕಾಯುವಂತೆ ಸಂಶೋಧಕರಾದ ಮೆಲ್ಲರ್-ಕ್ರಮ್ಮಿ ಮತ್ತು ಸ್ಕಾಟ್ 1991ರಲ್ಲೇ ಸೂಚಿಸಿದ್ದ ಉಪಾಯವನ್ನು ಆಧರಿಸಿದ ಸಾಲು-ಲಾಕ್ ಲಿನಕ್ಸ್‌ಗೆ ಬಂದದ್ದು 2015ರಲ್ಲಿ, 4.2ನೇ ಆವೃತ್ತಿಯಲ್ಲಿ. ಆದ್ದರಿಂದ ಒಂದೇ ಅಂಕಿಯ ಬದಲು ಒಂದು, ಎರಡು, ನಾಲ್ಕು ಎಂದು ಕೋರ್‌ಗಳನ್ನು ಏರಿಸುತ್ತ ರೇಖೆಯನ್ನೇ ಎಳೆಯಿರಿ. ಪ್ರತಿ ಥ್ರೆಡ್‌ನ ಎಣಿಕೆಯನ್ನು ಬೇರೆ ಬೇರೆ ಕ್ಯಾಶ್ ಸಾಲಿನಲ್ಲಿಟ್ಟು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಎರಡನ್ನೂ ಬರೆದಿಡಿ.

ಇನ್ನೊಂದು ತೊಡಕು, ನನ್ನ ಮಟ್ಟಿಗೆ ಇದೇ ದೊಡ್ಡದು: ನೀವು ಅಳೆದದ್ದು ಕರ್ನಲ್‌ನ ಹೊರಗೆ. ಅಲ್ಲಿ ಲಾಕ್ ಹಿಡಿದ ಥ್ರೆಡ್ಡನ್ನೇ ಶೆಡ್ಯೂಲರ್ (ಯಾವ ಥ್ರೆಡ್ ಯಾವಾಗ ಓಡಬೇಕೆಂದು ನಿರ್ಧರಿಸುವ ಭಾಗ) ಪಕ್ಕಕ್ಕೆ ಸರಿಸಿದರೆ ಉಳಿದವು ಸುಮ್ಮನೆ ಸುತ್ತುತ್ತಿರುತ್ತವೆ. ಟಿಕೆಟ್ ಲಾಕ್‌ನಲ್ಲಂತೂ ಸರದಿ ಬಂದ ಥ್ರೆಡ್ ಮಲಗಿದ್ದರೂ ಸಾಲು ಮುಂದೆ ಸಾಗದು. ಸಾಮಾನ್ಯ ಕರ್ನಲ್‌ನೊಳಗೆ ಸ್ಪಿನ್‌ಲಾಕ್ ಹಿಡಿದ ಕೋಡನ್ನು ಶೆಡ್ಯೂಲರ್ ಹಾಗೆ ಸರಿಸುವುದಿಲ್ಲ.

ಲಿನಕ್ಸ್‌ನಲ್ಲೇ ಇರುವ ಲಾಕ್‌ಟಾರ್ಚರ್ ಎಂಬ ಮಾಡ್ಯೂಲ್ ಅನ್ನು ಓಡಿಸಿ ನೋಡಬಹುದು. ಹೆಸರೇ ಹೇಳುವಂತೆ ಅದು ಲಾಕನ್ನು ಗೋಳುಹೊಯ್ದು ದೋಷ ಹುಡುಕಲು ಹುಟ್ಟಿದ್ದೇ ಹೊರತು ವೇಗ ಅಳೆಯಲಲ್ಲ; ಆದರೂ ಒಟ್ಟು ಮೊತ್ತದ ಜೊತೆಗೆ ಥ್ರೆಡ್‌ಗಳ ಗರಿಷ್ಠ, ಕನಿಷ್ಠ ಎಣಿಕೆಯನ್ನೂ ಲಾಗ್‌ನಲ್ಲಿ ಮುದ್ರಿಸುತ್ತದೆ. ನಿಜವಾದ ಕೆಲಸದ ಹೊರೆಯಲ್ಲಿ ಯಾವ ಲಾಕ್‌ಗೆ ಎಷ್ಟು ಕಾದರೆಂದು ತಿಳಿಯಲು ಲಾಕ್‌ಸ್ಟಾಟ್ ಇದೆ, ಆದರೆ ಅದನ್ನು ಚಾಲೂ ಮಾಡಿದ ಕರ್ನಲ್ ತಾನೇ ನಿಧಾನವಾಗುವುದರಿಂದ ವೇಗದ ಅಂಕಿಗಳನ್ನು ಅದಿಲ್ಲದ ಕರ್ನಲ್‌ನಲ್ಲಿ ಬೇರೆಯಾಗಿ ತೆಗೆಯಿರಿ.