ಅದು ಮಳೆನೀರಲ್ಲ, ಚರಂಡಿ ನೀರು

ಪ್ರಶ್ನೆ: ಟಿಕೆಟ್ ಅಗ್ಗವಿದೆ ಅಂತ ಸೆಪ್ಟೆಂಬರ್‌ನಲ್ಲಿ ಮನೆಮಂದಿಯೆಲ್ಲ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಹೋಟೆಲ್ ಸುಖುಮ್‌ವಿತ್ ರಸ್ತೆಯ ಓಣಿಯೊಂದರಲ್ಲಿದೆ. ಜೋರು ಮಳೆ ಬಂದರೆ ಮೊಣಕಾಲಿನವರೆಗೆ ನೀರು ನಿಲ್ಲುತ್ತದಂತೆ. ‘ಮಳೆನೀರು ತಾನೇ, ಶೂ ಬಿಚ್ಚಿ ಕೈಲಿ ಹಿಡಿದು ದಾಟಿದರಾಯ್ತು’ ಅನ್ನುತ್ತಾರೆ ನಮ್ಮ ಯಜಮಾನರು. ಮುಂಚೆಯೇ ಆಂಟಿಬಯಾಟಿಕ್ ನುಂಗಿದರೆ ಸಾಕಲ್ಲವೇ?

ಉತ್ತರ: ಬೇಡಮ್ಮ, ಶೂ ಬಿಚ್ಚಲೇಬೇಡಿ. ಪ್ರತಿ ಮಳೆಗಾಲದಲ್ಲೂ ಈ ಮಾತು ಕೇಳಿ ಕೇಳಿ ಸಿಟ್ಟು ಬರುತ್ತದೆ. ಬ್ಯಾಂಕಾಕ್ ಸಮುದ್ರಮಟ್ಟಕ್ಕಿಂತ ಸುಮಾರು ಒಂದೂವರೆ ಮೀಟರ್ ಮಾತ್ರ ಎತ್ತರದಲ್ಲಿದೆ. ನೀರು ತಾನಾಗಿ ಹರಿದುಹೋಗಲು ಇಳಿಜಾರೇ ಇಲ್ಲ. ಚರಂಡಿಯಿಂದ ‘ಖ್ಲೋಂಗ್’ ಎನ್ನುವ ಕಾಲುವೆಗೆ, ಅಲ್ಲಿಂದ ಪಂಪು ಹಚ್ಚಿ ಚಾವೊ ಫ್ರಾಯಾ ನದಿಗೆ ಅದನ್ನು ತಳ್ಳಬೇಕು. ಮಳೆ ಜೋರಾದರೆ ಚರಂಡಿಯೇ ಉಕ್ಕಿ ಓಣಿಗೆ ಬರುತ್ತದೆ. ಇಲಿ, ಹೆಗ್ಗಣಗಳ ಮೂತ್ರವೂ ಅದರಲ್ಲಿರುತ್ತದೆ. ಇಲಿಜ್ವರದ ರೋಗಾಣು ಒಳಗೆ ಹೋಗಲು ತರಚಿದ ಚರ್ಮ ಸಾಕು. ಬಹಳ ಹೊತ್ತು ನೆಂದು ಮೆತ್ತಗಾದ ಚರ್ಮವೂ ಸಾಕು.

ಹೀಗೇ ದಾಟಿ ಬಂದ ಒಬ್ಬರು ನನ್ನ ಹತ್ತಿರ ಬಂದಾಗ ಆಗಲೇ ಐದು ದಿನದ ಜ್ವರ. ಬೇರೆ ಕಡೆ ‘ವೈರಲ್’ ಅಂತ ದಿನಕ್ಕೊಂದು ನೋವಿನ ಇಂಜೆಕ್ಷನ್ ಚುಚ್ಚಿದ್ದರು. ಕಣ್ಣು ಕೆಂಡದಂತೆ ಕೆಂಪು, ಆದರೆ ಪಿಸುರಿಲ್ಲ. ಮೀನಖಂಡ ಮುಟ್ಟಿದರೆ ಕೂಗುತ್ತಿದ್ದರು. ಮೂತ್ರ ಕಡಿಮೆಯಾಗಿತ್ತು. ಹಿಮ್ಮಡಿಯಲ್ಲಿ ಶೂ ಕಚ್ಚಿದ ಗಾಯ, ಹೆಸರುಕಾಳಿನಷ್ಟು. ನೀರಲ್ಲಿ ನಡೆದಿದ್ದಿರಾ ಎಂದು ಅಲ್ಲಿಯವರೆಗೆ ಒಬ್ಬರೂ ಅವರನ್ನು ಕೇಳಿರಲಿಲ್ಲ. ಬದುಕಿದರು, ಆದರೆ ಮೂತ್ರಪಿಂಡ ಸುಧಾರಿಸಲು ವಾರಗಳೇ ಹಿಡಿದವು.

ಹಾಗಾಗಿ ಮಳೆ ಹಿಡಿದರೆ ಕಾಯಿರಿ. ಅಲ್ಲಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿದು, ಒಂದೆರಡು ಗಂಟೆಯಲ್ಲಿ ನಿಲ್ಲುತ್ತದೆ. ಸ್ಕೈಟ್ರೇನ್ ಎಂಬ ನಗರ ರೈಲು ಕಂಬಗಳ ಮೇಲೆ ಓಡುತ್ತದೆ. ಅದರ ನಿಲ್ದಾಣಕ್ಕೆ ಅಂಟಿಕೊಂಡ ಹೋಟೆಲ್ ಸಿಕ್ಕರೆ ಈಗಲೇ ಬದಲಾಯಿಸಿಕೊಳ್ಳಿ, ಬಾಡಿಗೆ ನಾಲ್ಕು ಕಾಸು ಹೆಚ್ಚಾದರೂ ಸರಿ. ದಾಟಲೇಬೇಕಾದರೆ ಕಾಲಲ್ಲಿ ಶೂ ಇರಲಿ, ಮಗು ಹೆಗಲ ಮೇಲಿರಲಿ, ವಿದ್ಯುತ್ ಕಂಬದಿಂದ ದೂರ ನಡೆಯಿರಿ. ರೂಮಿಗೆ ಬಂದ ತಕ್ಷಣ ಸೋಪು ಹಚ್ಚಿ ತೊಳೆದುಕೊಳ್ಳಿ.

ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಇದೆ ನಿಜ. ನೀರಲ್ಲೇ ಕೆಲಸ ಮಾಡುವವರಿಗೆ ನಾವೇ ಕೊಡುತ್ತೇವೆ. ಆದರೆ ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಅದು ಆಗದು. ಮೆಡಿಕಲ್ ಶಾಪಿನವರು ಹೇಳಿದರು ಅಂತ ಮನೆಮಂದಿಗೆಲ್ಲ ಹಂಚಬೇಡಿ. ಊರಿಗೆ ಬಂದು ಒಂದು ತಿಂಗಳೊಳಗೆ ಜ್ವರ ಬಂದರೆ ‘ಬ್ಯಾಂಕಾಕ್‌ನಲ್ಲಿ ನೀರಲ್ಲಿ ನಡೆದಿದ್ದೆ’ ಎಂದು ವೈದ್ಯರು ಕೇಳದಿದ್ದರೂ ಮೊದಲೇ ಹೇಳಿ.

ಪ್ರಶ್ನೆ: ಮಲೇರಿಯಾ ಮಾತ್ರೆ ಬೇಕೇ?

ಉತ್ತರ: ಬ್ಯಾಂಕಾಕ್ ನಗರಕ್ಕಷ್ಟೇ ಹೋಗುವುದಾದರೆ ಬೇಡ.

ಪ್ರಶ್ನೆ: 2011ರಂತೆ ಊರೇ ಮುಳುಗಿಬಿಟ್ಟರೆ?

ಉತ್ತರ: ಅದು ಒಂದು ಸಂಜೆಯ ಮಳೆಯಿಂದ ಆದದ್ದಲ್ಲ. ತಿಂಗಳುಗಟ್ಟಲೆ ಉತ್ತರದಲ್ಲಿ ತುಂಬಿದ ನೀರು ಇಳಿದು ಬಂದು ಡಾನ್ ಮುವಾಂಗ್ ವಿಮಾನ ನಿಲ್ದಾಣವನ್ನೇ ಮುಚ್ಚಿಸಿತು. ಅಂಥ ನೀರು ಬರುವ ಮೊದಲು ಸುದ್ದಿ ಬರುತ್ತದೆ.

ಪ್ರಶ್ನೆ: ಡೆಂಗಿ ಬಾರದಂತೆ ದಿನಾ ಪಪ್ಪಾಯಿ ಎಲೆ ರಸ ಕುಡಿಯಲು ನಮ್ಮೂರಿನ ನಾಟಿ ವೈದ್ಯರು ಹೇಳಿದ್ದಾರೆ. ರಾತ್ರಿ ಸೊಳ್ಳೆಪರದೆಯೂ ಕಟ್ಟುತ್ತೇವೆ.

ಉತ್ತರ: ಆ ರಸ ಡೆಂಗಿಯನ್ನು ತಡೆಯುವುದಿಲ್ಲ. ಹಾಗೆ ಹೇಳಿ ದುಡ್ಡು ತೆಗೆದುಕೊಳ್ಳುವವರು ಮೋಸ ಮಾಡುತ್ತಿದ್ದಾರೆ. ಡೆಂಗಿ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ತುಂಬು ತೋಳಿನ ಅಂಗಿ ತೊಟ್ಟು, ಸೊಳ್ಳೆ ದೂರವಿಡುವ, ಡೀಟ್ ಇರುವ ಕ್ರೀಮ್ ಹಚ್ಚಿಕೊಳ್ಳಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ; ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ. ಜ್ವರ ಇಳಿಯಿತೆಂದು ನಿಶ್ಚಿಂತರಾಗಬೇಡಿ. ಇಳಿದ ಮೇಲಿನ ಎರಡು ದಿನವೇ ಅಪಾಯದ್ದು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ.